ವೀರಗಲ್ಲಿನ ಬಿಲ್ಲಾಳು

ಕೊಲ್ಲಾಪುರ ಸೀಮೆಯ ಮಕ್ಕಳಿಗೆ ಕಾಳಗದ ಕಥೆ ಹೊಸದಲ್ಲ. ಗಡಹಿಂಗ್ಲಜ ತಾಲೂಕಿನ ನೇಸರಿಯ ಹತ್ತಿರ 1674ರ ಫೆಬ್ರುವರಿಯಲ್ಲಿ ಪ್ರತಾಪರಾವ ಗುಜರ ಆರೇ ಆರು ಸವಾರರನ್ನು ಕಟ್ಟಿಕೊಂಡು ಬಹಲೋಲಖಾನನ ದಂಡಿನ ಮೇಲೆ ಏರಿಹೋದದ್ದು ಎಲ್ಲರಿಗೂ ಗೊತ್ತು. 1660ರ ಜುಲೈ ಮಳೆಯೊಳಗ ಶಿವಾಜಿ ಮಹಾರಾಜರು ಪನ್ಹಾಳಗಡದಿಂದ ಪಾರಾಗಿ ವಿಶಾಳಗಡ ಮುಟ್ಟಿದ್ದು, ನಡುವೆ ಬಾಜಿಪ್ರಭು ಕಣಿವೆ ಹಿಡಿದು ನಿಂತದ್ದು, ಇದನ್ನಂತೂ ಮೂರನೇ ಇಯತ್ತೆಯ ಹುಡುಗ ಸಹ ಹೇಳ್ತಾನ. ಈ ಕಥೆಗಳೊಳಗ ಕತ್ತಿ ಅದ, ಪಟ್ಟಾ ಅದ, ಭರ್ಚಿ ಅದ, ತೋಪು ಅದ. ಬಿಲ್ಲು ಎಲ್ಲಿ?

ಬಿಲ್ಲು ಅಂದ್ರ ನಮಗ ರಾಮ, ಅರ್ಜುನ, ಕರ್ಣ. ಇಲ್ಲಾಂದ್ರ ಶಾಲೆಯ ಸ್ನೇಹಸಮ್ಮೇಳನದಲ್ಲಿ ಬಿದಿರ ಸೀಳಿಗೆ ಬಂಗಾರದ ಕಾಗದ ಸುತ್ತಿ ಮಾಡಿದ ಆಟದ ಸಾಮಾನು. ಒಬ್ಬ ದೇವರಂಥ ವೀರ, ಅವನ ಕೈಯಲ್ಲೊಂದು ಬಿಲ್ಲು, ಒಂದು ಬಾಣ ಬಿಟ್ಟರೆ ನೂರಾಗುವುದು. ಈ ಚಿತ್ರ ನಮ್ಮ ತಲೆಯಲ್ಲಿ ಎಷ್ಟು ಗಟ್ಟಿಯಾಗಿ ಕೂತಿದೆ ಅಂದರೆ, ಬಿಲ್ಲು ನಿಜವಾದ ಕಾಳಗದಲ್ಲಿ ನಿಜವಾದ ಮನುಷ್ಯರ ಕೈಯಲ್ಲಿತ್ತು, ಅದೂ ಬಹುಮಟ್ಟಿಗೆ ಹೆಸರಿಲ್ಲದ ಕಾಲಾಳುಗಳ ಕೈಯಲ್ಲಿತ್ತು ಅನ್ನೋದು ನಮಗೆ ಹೊಳೆಯುವುದೇ ಇಲ್ಲ. ತೋಪು ಬಂದೂಕು ಬರುವ ಮುಂಚೆ ದೂರದಿಂದ ಕೊಲ್ಲುವ ಮುಖ್ಯ ಆಯುಧ ಅದೇ ಆಗಿತ್ತು. ಅದು ಸುಮ್ಮನೆ ಕೈಗೆ ಬರುವ ಆಯುಧವೂ ಅಲ್ಲ. ವರ್ಷಗಟ್ಟಲೆ ಮೈ ಸವೆಸಬೇಕು. ಆ ವರ್ಷಗಳನ್ನು ಯಾರಾದರೂ ಸಾಕಬೇಕು. ಸಾಕುವವರು ಕೈಬಿಟ್ಟ ದಿನ ಬಿಲ್ವಿದ್ಯೆ ಮುಗಿಯಿತು. ಈ ಲೇಖನದಲ್ಲಿ ಹೇಳಬೇಕಾದದ್ದು ಇಷ್ಟೇ. ಆದರೆ ಅದಕ್ಕೆ ಸಾಕ್ಷಿ ಹುಡುಕಲು ಸ್ವಲ್ಪ ಸುತ್ತಾಡಬೇಕಾಗ್ತದ.

ಮೊದಲ ಸಾಕ್ಷಿ ಊರ ಹೊರಗೇ ಇದೆ. ಹಳೇ ಗುಡಿಯ ಬಾಜೂಕ, ಕೆರೆ ದಂಡಿಗೆ, ಅಗಸಿಯ ಪಕ್ಕದಲ್ಲಿ ನಿಂತ ವೀರಗಲ್ಲು. ಮರಾಠಿಯಲ್ಲಿ ವೀರಗಳ ಅಂತಾರೆ, ಶಬ್ದ ನಮ್ಮದೇ. ಕರವೀರ ತಾಲೂಕಿನ ಬೀಡ ಅನ್ನೋ ಊರು ಇಂಥ ಕಲ್ಲುಗಳಿಗೆ ಹೆಸರಾದದ್ದು. ಶಿಲಾಹಾರ ಅರಸರು ಕೊಲ್ಲಾಪುರ, ಪನ್ಹಾಳಗಳಿಂದ ಆಳಿದ ಕಾಲದಲ್ಲಿ ಈ ಸೀಮೆಯ ಶಾಸನಗಳಲ್ಲಿ ಕನ್ನಡವೂ ಇತ್ತು, ಸಂಸ್ಕೃತವೂ ಇತ್ತು. ಸುಮಾರು 1212ರಲ್ಲಿ ದೇವಗಿರಿಯ ಯಾದವ ಸಿಂಘಣ ಇಮ್ಮಡಿ ಭೋಜನನ್ನು ಸೋಲಿಸಿ ಶಿಲಾಹಾರರ ಆಳಿಕೆ ಮುಗಿಸಿದ. ಕೃಷ್ಣೆಯ ದಂಡೆಯ ಖಿದ್ರಾಪುರದ ಕೋಪೇಶ್ವರ ಗುಡಿಯಲ್ಲಿ ಸಿಂಘಣನ ಶಾಸನ ಇವತ್ತಿಗೂ ಉಂಟು. ಅರಸರ ಶಾಸನದಲ್ಲಿ ಗೆದ್ದವರ ಹೆಸರು, ಬಿರುದು, ಕೊಟ್ಟ ದಾನ ಇರ್ತದ. ಯಾರ ಬಲದಿಂದ ಗೆದ್ದರು ಅನ್ನೋದು ಇರೋದಿಲ್ಲ. ಅದನ್ನು ನೋಡಬೇಕಾದರೆ ವೀರಗಲ್ಲಿಗೇ ಹೋಗಬೇಕು.

ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಅಂಕಣದಲ್ಲಿ ಕಾಳಗ, ಅದರ ಮೇಲಿನದರಲ್ಲಿ ಸತ್ತ ವೀರನನ್ನು ಅಪ್ಸರೆಯರು ಕರೆದೊಯ್ಯುವುದು, ತುದಿಯಲ್ಲಿ ಅವನು ಲಿಂಗದ ಮುಂದೆ ಕೈಮುಗಿದು ಕೂತಿರುವುದು, ಅದಕ್ಕೂ ಮೇಲೆ ಸೂರ್ಯ ಚಂದ್ರ. ನಾವು ಸಾಮಾನ್ಯವಾಗಿ ಮೇಲಿನ ಲಿಂಗಕ್ಕೆ ಕುಂಕುಮ ಹಚ್ಚಿ ಮುಂದೆ ಹೋಗ್ತೀವಿ. ಇತಿಹಾಸ ಇರೋದು ಕೆಳಗಿನ ಅಂಕಣದಲ್ಲಿ, ಅರ್ಧ ಮಣ್ಣಲ್ಲಿ ಹೂತದ್ದರಲ್ಲಿ. ಕನ್ನಡ ನಾಡಿನ ಉದ್ದಗಲಕ್ಕೂ ಇಂಥ ಕಲ್ಲುಗಳ ಕೆಳ ಅಂಕಣದಲ್ಲಿ ಬಿಲ್ಲು ಮತ್ತೆ ಮತ್ತೆ ಬರ್ತದ. ಎಷ್ಟೋ ಕಡೆ ವೀರನೇ ಬಿಲ್ಲು ಹಿಡಿದಿದ್ದಾನೆ. ಎಷ್ಟೋ ಕಡೆ ಎದುರಿನವರು ಹಿಡಿದಿದ್ದಾರೆ, ವೀರನ ಮೈಯಲ್ಲಿ ಬಾಣ ನಾಟಿವೆ. ಇವರು ಸತ್ತದ್ದು ಯಾತಕ್ಕೆ? ಶಾಸನಗಳೇ ಅದಕ್ಕೆ ಶಬ್ದ ಕೊಟ್ಟಿವೆ: ತುರುಗೋಳ್, ಅಂದರೆ ದನ ಹೊಡಕೊಂಡು ಹೋಗುವವರ ಕೂಡ ಕಾದಾಟ, ಪೆಣ್ಬುಯ್ಯಲ್, ಹೆಣ್ಣುಮಕ್ಕಳ ಮಾನಕ್ಕೆ ಕೈ ಹಾಕಿದಾಗ ಎದ್ದ ಗುಲ್ಲು, ಊರಳಿವು, ಊರಿಗೆ ಊರೇ ಹಾಳು ಮಾಡಲು ಬಂದ ದಂಡು. ಸಾಮ್ರಾಜ್ಯದ ಯುದ್ಧಕ್ಕಿಂತ ದನದ ಕೊಟ್ಟಿಗೆಯ ಯುದ್ಧಗಳೇ ಜಾಸ್ತಿ. ದನ ಹೊಡಕೊಂಡು ಓಡುವವನನ್ನು ಕತ್ತಿಯಿಂದ ಹಿಡಿಯಲಿಕ್ಕೆ ಆಗುವುದಿಲ್ಲ, ಅದಕ್ಕೆ ಬಿಲ್ಲೇ ಬೇಕು. ಊರ ಕಾವಲಿನವ, ಬೇಡ, ದನ ಕಾಯುವವ, ಇವರ ಕೈಯಲ್ಲಿ ಬಿಲ್ಲು ಇದ್ದದ್ದು ಹಿಂಗ.

ದೊಡ್ಡ ಕಾಳಗದ ಚಿತ್ರ ಬೇಕಾದರೆ ಬೆಂಗಳೂರಿಗೆ ಹೋದಾಗ ಸರಕಾರಿ ವಸ್ತುಸಂಗ್ರಹಾಲಯಕ್ಕೆ ಹೋಗಿ ಬೇಗೂರಿನ ವೀರಗಲ್ಲನ್ನು ನೋಡಬೇಕು. ಸುಮಾರು ಕ್ರಿ.ಶ. 900ರದು, ಗಂಗರ ಕಾಲದ್ದು. ತುಂಬೆಪಾಡಿಯ ಕಾಳಗದಲ್ಲಿ ನಾಗತ್ತರ ಅನ್ನುವವನು ಸತ್ತ. ಅವನ ಪಟ್ಟವನ್ನು ಗಂಗ ಅರಸ ಎರೆಯಪ್ಪ ಇರುಗನಿಗೆ ಕಟ್ಟಿ ಊರುಗಳನ್ನು ಕೊಟ್ಟ ಅಂತ ಅದರ ಮೇಲೆ ಬರೆದಿದೆ. ಕಲ್ಲಿನ ತುಂಬ ಆನೆ, ಕುದುರೆ, ಕತ್ತಿಯವರು, ಬಿಲ್ಲಿನವರು, ಕಾಲಕೆಳಗೆ ಬಿದ್ದ ಹೆಣಗಳು. ಅಲ್ಲಿ ಸುಂದರ ಭಂಗಿಯ ಅರ್ಜುನರು ಯಾರೂ ಇಲ್ಲ. ಇಕ್ಕಟ್ಟಿನ ಜಾತ್ರಿಯೊಳಗ ಸಿಕ್ಕ ಮಂದಿಯ ಹಂಗ ಎಲ್ಲರೂ ಒಬ್ಬರ ಮೇಲೊಬ್ಬರು.

ಇನ್ನು ಒಂದು ಬಾಣ ರಾಜ್ಯವನ್ನೇ ಉರುಳಿಸಿದ ಪ್ರಸಂಗ. ಕ್ರಿ.ಶ. 949ರಲ್ಲಿ ತಮಿಳುನಾಡಿನ ತಕ್ಕೋಲದಲ್ಲಿ ರಾಷ್ಟ್ರಕೂಟರ ಮುಮ್ಮಡಿ ಕೃಷ್ಣನಿಗೂ ಚೋಳರಿಗೂ ಕಾಳಗವಾಯಿತು. ಚೋಳ ಯುವರಾಜ ರಾಜಾದಿತ್ಯ ಆನೆಯ ಮೇಲೆ ಕೂತಲ್ಲೇ ಸತ್ತ, ಚೋಳರ ದಂಡು ಮುರಿಯಿತು. ಹೇಗೆ ಸತ್ತ? ಚೋಳರ ಲೈಡನ್ ತಾಮ್ರಪಟ ಹೇಳೋದು, ಕೃಷ್ಣರಾಜನ ಹರಿತವಾದ ಬಾಣಗಳು ಅವನ ಎದೆ ಸೀಳಿದವು ಅಂತ. ಮಂಡ್ಯ ಜಿಲ್ಲೆಯ ಆತಕೂರಿನ ಕನ್ನಡ ಶಾಸನ ಬೇರೆ ಹೇಳ್ತದ: ಕೃಷ್ಣನ ಕಡೆಯ ಗಂಗ ಅರಸ ಬೂತುಗ ಆನೆಯ ಅಂಬಾರಿಯನ್ನೇ ಕಣವಾಗಿ ಮಾಡಿಕೊಂಡು ಸುರಗಿಯಿಂದ ಇರಿದು ಕೊಂದ ಅಂತ. (ಅದೇ ಆತಕೂರಿನ ಕಲ್ಲಿನಲ್ಲಿ ಬೂತುಗನ ಬಂಟ ಮಣಲೆರ ಬಹುಮಾನವಾಗಿ ಕೇಳಿ ಪಡೆದ ಕಾಳಿ ಎಂಬ ನಾಯಿ, ಅದು ಕಾಡುಹಂದಿಯ ಕೂಡ ಕಾದಿ ಸತ್ತದ್ದು ಇದೆ. ನಾಯಿಗೂ ಕಲ್ಲು ನೆಟ್ಟ ನಾಡು ನಮ್ಮದು.) ಸತ್ತವರ ಕಡೆಯವರು ಬಾಣ ಅಂತಾರೆ, ಕೊಂದವರ ಕಡೆಯವರು ಸುರಗಿ ಅಂತಾರೆ. ನನಗೆ ಅನ್ನಿಸೋದು, ಎರಡರಲ್ಲೂ ಮಾನದ ಲೆಕ್ಕ ಇದೆ. ನಮ್ಮ ಯುವರಾಜನ ಆನೆಯ ಮೇಲೆ ಶತ್ರು ಹತ್ತಿ ಬಂದ ಅನ್ನೋದಕ್ಕಿಂತ ದೂರದ ಬಾಣಕ್ಕೆ ಬಿದ್ದ ಅನ್ನೋದು ಸೋತವರಿಗೆ ಸಮಾಧಾನ. ದೂರದಿಂದ ಹೊಡೆದೆ ಅನ್ನೋದಕ್ಕಿಂತ ಏರಿಹೋಗಿ ಇರಿದೆ ಅನ್ನೋದು ಗೆದ್ದವನಿಗೆ ಬಿರುದು. ಬಾಣ ಮೊದಲು ತಾಗಿ, ಸುರಗಿ ಆಮೇಲೆ ಬಿದ್ದಿದ್ದರೂ ಇರಬಹುದು. ಅದೇನೇ ಇರಲಿ, ಆನೆಯ ಮೇಲೆ ಎತ್ತರದಲ್ಲಿ ಕೂತ ಅರಸ ಬಿಲ್ಲಾಳಿಗೆ ಎಂಥಾ ಸಲೀಸು ಗುರಿ ಅನ್ನೋದು ಎರಡೂ ಕಡೆಯವರಿಗೆ ಗೊತ್ತಿತ್ತು.

ಇಷ್ಟಾದ ಮೇಲೆ ಬಿಲ್ಲನ್ನೇ ಸ್ವಲ್ಪ ಕೈಗೆ ತಗೊಂಡು ನೋಡೋಣು.

ನಮ್ಮ ದೇಶದ ಬಿಲ್ಲಿನ ಬಗ್ಗೆ ಪರದೇಶದವರು ಬರೆದ ಹಳೆಯ ಮಾತು ಅಲೆಕ್ಸಾಂಡರನ ನೌಕಾಪತಿ ನಿಯಾರ್ಕಸ್‌ನದು. ಅದನ್ನು ಆರಿಯನ್ ಎಂಬ ಇತಿಹಾಸಕಾರ ತನ್ನ ಪುಸ್ತಕದಲ್ಲಿ ಉಳಿಸಿಟ್ಟಿದ್ದಾನೆ. ಬಿಲ್ಲು ಬಿಲ್ಲಾಳಿನಷ್ಟೇ ಎತ್ತರ. ಅದರ ಒಂದು ತುದಿಯನ್ನು ನೆಲಕ್ಕೂರಿ, ಎಡಗಾಲಿನಿಂದ ಒತ್ತಿ ಹಿಡಿದು, ಹೆದೆಯನ್ನು ಹಿಂದಕ್ಕೆ ಜಗ್ಗುತ್ತಿದ್ದರು. ಬಾಣ ಮೂರು ಮೊಳಕ್ಕೆ ಸ್ವಲ್ಪ ಕಡಿಮೆ. ಅದರ ಮುಂದೆ ಢಾಲೂ ನಿಲ್ಲುತ್ತಿರಲಿಲ್ಲ, ಎದೆಗವಚವೂ ನಿಲ್ಲುತ್ತಿರಲಿಲ್ಲ. ಅಂಥ ಬಿಲ್ಲೇ ಕ್ರಿ.ಪೂ. 326ರಲ್ಲಿ ಝೇಲಂ ದಂಡೆಯ ಮೇಲೆ ಪುರು ರಾಜನಿಗೆ ಕೈಕೊಟ್ಟಿತು ಅಂತ ರೋಮನ್ ಲೇಖಕ ಕುರ್ಟಿಯಸ್ ಬರೀತಾನೆ. ರಾತ್ರಿ ಮಳೆ ಸುರಿದು ನೆಲ ಜಾರುತ್ತಿತ್ತು, ಬಿಲ್ಲಿನ ತುದಿ ಊರಲಿಕ್ಕೆ ಗಟ್ಟಿ ಜಾಗವೇ ಇರಲಿಲ್ಲ. ನಮ್ಮ ಕಪ್ಪು ಎರಿ ಹೊಲದೊಳಗ ಆಷಾಢದಲ್ಲಿ ನಡೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮಳೆ ಬಿಲ್ಲಿನ ಹಳೆಯ ವೈರಿ. ಹೆದೆಗೆ ಮೌರ್ವಿ ಅಂತ ಒಂದು ಹೆಸರಿದೆ. ಮೂರ್ವಾ ಅನ್ನುವ ಗಿಡದ ನಾರಿನಿಂದ ಹೆದೆ ಹೊಸೆಯುತ್ತಿದ್ದರಿಂದ ಆ ಹೆಸರು. ನರ, ರೇಷ್ಮೆ, ನಾರು ಯಾವುದೇ ಇರಲಿ, ಎಳೆ ಎಳೆ ಕೂಡಿಸಿ ಹುರಿ ಹಾಕಬೇಕು. ಹುರಿ ಸಡಿಲಾದರೆ ಬಾಣ ಹತ್ತು ಮಾರು ಮೊದಲೇ ಬೀಳ್ತದ, ಜಾಸ್ತಿಯಾದರೆ ಹೆದೆ ಹರೀತದ. ಇಚಲಕರಂಜಿಯ ಮಗ್ಗದವರಿಗೆ ನೂಲಿನ ಹುರಿಯ ಮಹಿಮೆ ನಾನು ಹೇಳೋದು ಅಂದ್ರ ಕುಂಬಾರನಿಗೆ ಮಡಿಕೆ ಮಾರಿದಂಗ. ನೆನೆದರೆ ನಾರಿನ ಹೆದೆ ಗುಣ ಬದಲಿಸ್ತದ. ಮರ, ಕೋಡು, ನರ ಮೂರನ್ನೂ ಅಂಟಿನಿಂದ ಕೂಡಿಸಿ ಮಾಡಿದ ಬಿಲ್ಲಾದರೆ ಅಂಟೇ ಬಿಡ್ತದ. ದಸರೆಗೆ ಸೀಮೋಲ್ಲಂಘನ ಮಾಡಿ ದಂಡು ಹೊರಡುತ್ತಿದ್ದುದಕ್ಕೆ ಕಾರಣ ಹಲವು: ಹೊಳೆ ಇಳಿದಿರ್ತದ, ದಾರಿ ಒಣಗಿರ್ತದ, ಕುದುರೆಗೆ ಮೇವು ಇರ್ತದ. ಅದರೊಳಗ ಬಿಲ್ಲಿನ ಅಂಟೂ ಒಂದು ಕಾರಣ ಅಂತ ನಾನು ಸೇರಿಸ್ತೀನಿ. ಪಾಂಡವರು ಬನ್ನಿ ಗಿಡದ ಮೇಲೆ ಬಿಚ್ಚಿಟ್ಟ ಆಯುಧಗಳ ಕಥೆ ಹೇಳಿ ನಾವು ಬನ್ನಿ ಕೊಟ್ಟು ಕೈಮುಗೀತೀವಿ, ಕೊಲ್ಲಾಪುರದ ದಸರಾ ಚೌಕದಲ್ಲಿ ಸೋನೆ ಲೂಟಿ ಆಗ್ತದ. ಆ ಕಥೆಯಲ್ಲಿ ಆಯುಧಗಳನ್ನು ಮಳೆ ತಾಗದ ಹಂಗ ಸುತ್ತಿಟ್ಟದ್ದನ್ನು ಮಾತ್ರ ಯಾರೂ ಗಮನಿಸೋದಿಲ್ಲ.

ಈಗ ಮೈಯ ಮಾತು. ಕಾಳಗದ ಬಿಲ್ಲನ್ನು ಜಗ್ಗಲಿಕ್ಕೆ ಎಷ್ಟು ಕಸುವು ಬೇಕು? ಇದಕ್ಕೆ ಎಲ್ಲಕ್ಕಿಂತ ಒಳ್ಳೆಯ ಉತ್ತರ ಸಿಕ್ಕಿದ್ದು ಇಂಗ್ಲೆಂಡಿನ ಸಮುದ್ರದಡಿಯಲ್ಲಿ. ಅಲ್ಲಿಯ ರಾಜ ಎಂಟನೇ ಹೆನ್ರಿಯ ಮೇರಿ ರೋಸ್ ಎಂಬ ಯುದ್ಧದ ಹಡಗು 1545ರ ಜುಲೈ 19ರಂದು ಮುಳುಗಿತು. 1982ರಲ್ಲಿ ಅದನ್ನು ಮೇಲೆತ್ತಿದರು. ಅದರೊಳಗಿಂದ 130ಕ್ಕೂ ಹೆಚ್ಚು ಇಡೀ ಬಿಲ್ಲುಗಳು, 3,500ಕ್ಕೂ ಹೆಚ್ಚು ಬಾಣಗಳು ಸಿಕ್ಕವು. ಅವುಗಳನ್ನು ಪೂರ್ತಿ ಜಗ್ಗಲು ಸುಮಾರು 45ರಿಂದ 80 ಕಿಲೋ ಬಲ ಬೇಕಿತ್ತು ಅಂತ ಲೆಕ್ಕ ಹಾಕಿದ್ದಾರೆ. ಯೂರಿಯಾ ಚೀಲ 45 ಕಿಲೋ. ಅದನ್ನು ಹೆಗಲ ಮೇಲೆ ಹೊತ್ತವರು ನಮ್ಮಲ್ಲಿ ಬೇಕಾದಷ್ಟು ಮಂದಿ. ಅದೇ ಚೀಲವನ್ನು ಮೂರು ಬೆರಳಿನಲ್ಲಿ ಸಿಗಿಸಿ ಕಿವಿಯ ತನಕ ಎಳೆದು, ಕೈ ನಡುಗದ ಹಂಗ ಹಿಡಿದು, ಗುರಿ ನೋಡಿ ಬಿಟ್ಟು, ಮರುಗಳಿಗೆಗೆ ಮತ್ತೆ ಎಳೀಬೇಕು. ಒಂದು ನಿಮಿಷಕ್ಕ ಆರು ಸಲ.

ಆ ಹಡಗಿನಲ್ಲಿ ಸತ್ತವರ ಎಲುಬುಗಳೂ ಸಿಕ್ಕವು. ಹಲವರ ಹೆಗಲೆಲುಬಿನ ತುದಿ ಬೆಳೆದ ಮನುಷ್ಯನಲ್ಲಿ ಕೂಡಿಕೊಳ್ಳಬೇಕಾದಂತೆ ಕೂಡಿರಲಿಲ್ಲ. ಚಿಕ್ಕಂದಿನಿಂದ ಭಾರದ ಬಿಲ್ಲು ಎಳೆದವರ ಗುರುತು ಅದು ಅನ್ನುತ್ತಾರೆ ಪರೀಕ್ಷೆ ಮಾಡಿದವರು. ಎಲುಬು ಗಟ್ಟಿಯಾಗುವ ಮೊದಲೇ ಬಿಲ್ಲು ಕೈಗೆ ಬಂದಿತ್ತು. ಆ ದೇಶದ ಸರಕಾರ ಇದನ್ನು ಹಣೆಬರಹಕ್ಕೆ ಬಿಟ್ಟಿರಲಿಲ್ಲ. ಮೂರನೇ ಎಡ್ವರ್ಡ್ ರಾಜ 1363ರಲ್ಲೇ ಹುಕುಂ ಹೊರಡಿಸಿದ್ದ: ರಜಾ ದಿನಗಳಲ್ಲಿ ಗಂಡಸರು ಚೆಂಡಾಟ ಬಿಟ್ಟು ಬಿಲ್ಲಿನ ತಾಲೀಮು ಮಾಡಬೇಕು. ನಮ್ಮ ಬಿಲ್ಲಾಳುಗಳನ್ನು ನಾವು ಸುಟ್ಟೆವು, ಇಲ್ಲವೆ ಕಣದಲ್ಲೇ ಬಿಟ್ಟೆವು. ಎಲುಬಿನ ಸಾಕ್ಷಿ ಉಳಿಯಲಿಲ್ಲ, ಕಲ್ಲಿನ ಸಾಕ್ಷಿ ಉಳಿಯಿತು.

ಕಲಿಸುವವರು ನಮ್ಮಲ್ಲೂ ಇದ್ದರು. ಹಳಗನ್ನಡದಲ್ಲಿ ಬಿಲ್ಲೋಜ ಅಂತ ಚೆಂದದ ಶಬ್ದ ಉಂಟು, ಬಿಲ್ಲು ಕಲಿಸುವ ಓಜ, ಅಂದರೆ ಗುರು. ಕಲ್ಯಾಣದ ಚಾಲುಕ್ಯ ಅರಸ ಮೂರನೇ ಸೋಮೇಶ್ವರ ಸುಮಾರು 1130ರಲ್ಲಿ ಬರೆದ ಮಾನಸೋಲ್ಲಾಸದಲ್ಲಿ ಶಸ್ತ್ರವಿನೋದ ಅಂತಲೇ ಒಂದು ಭಾಗವಿದೆ, ಆಯುಧ ಹಿಡಿಯುವ ಕೌಶಲವನ್ನು ಸಭೆಗೆ ತೋರಿಸುವ ಬಗೆ ಅದರಲ್ಲಿ ಬರ್ತದ. ಆ ಕಾಲಕ್ಕೆ ನಮ್ಮ ಶಿಲಾಹಾರರು ಈ ಚಾಲುಕ್ಯರ ಮಾಂಡಲಿಕರು. ಅರಸನಿಗೆ ಅದು ವಿನೋದ. ಕೆಳಗಿನವನಿಗೆ ಅದೇ ಹೊಟ್ಟೆಪಾಡು.

ಬಿಲ್ವಿದ್ಯೆ ಯಾರಿಗೆ ಕಲಿಸಬೇಕು ಅನ್ನುವ ತಂಟೆಯೂ ಹಳೆಯದೇ. ಏಕಲವ್ಯನ ಕಥೆಯನ್ನು ಗುರುಭಕ್ತಿಯ ಪಾಠವಾಗಿ ಮಕ್ಕಳಿಗೆ ಹೇಳ್ತೀವಿ. ಬಿಲ್ಲಾಳಿನ ಕಣ್ಣಿಂದ ನೋಡ್ರಿ ಒಮ್ಮೆ. ದ್ರೋಣ ಕೇಳಿದ್ದು ಬಲಗೈ ಹೆಬ್ಬೆರಳು, ಕಣ್ಣಲ್ಲ, ತೋಳಲ್ಲ. ಭಾರತ, ಇರಾನ್, ತುರ್ಕಿ, ಮಂಗೋಲಿಯಾ ಕಡೆ ಹೆದೆಯನ್ನು ಹೆಬ್ಬೆರಳಿನಿಂದ ಕೊಂಡಿ ಹಾಕಿ ಎಳೆಯುವ ರೂಢಿ ಹೆಚ್ಚು. ಬೆರಳು ಕತ್ತರಿಸಬಾರದು ಅಂತ ಕೋಡಿನ, ಕಲ್ಲಿನ ಉಂಗುರ ತೊಡುತ್ತಿದ್ದರು. ಯೂರೋಪಿನಲ್ಲಿ ಮೂರು ಬೆರಳಿನಿಂದ ಎಳೆಯುತ್ತಿದ್ದರು. ಹೆಬ್ಬೆರಳು ಕೊಟ್ಟ ಮೇಲೂ ಏಕಲವ್ಯ ಉಳಿದ ಬೆರಳುಗಳಿಂದ ಬಾಣ ಬಿಟ್ಟ, ಆದರೆ ಮೊದಲಿನ ಚುರುಕು ಬರಲಿಲ್ಲ ಅಂತ ಮಹಾಭಾರತ ಸ್ಪಷ್ಟವಾಗಿ ಹೇಳ್ತದ. ಕಥೆ ಕಟ್ಟಿದವನಿಗೆ ಬಿಲ್ಲಿನ ಮರ್ಮ ಗೊತ್ತಿತ್ತು. ಬಿಲ್ಲು ಬೇಡರ ಹುಟ್ಟು ವಿದ್ಯೆ. ಅದನ್ನು ಅವರಿಂದ ಕಸಗೊಳ್ಳಬೇಕಾದರೆ ಎಲ್ಲಿ ಕೊಯ್ಯಬೇಕು ಅನ್ನೋದೂ ಗೊತ್ತಿತ್ತು.

ಇದಕ್ಕೆ ತದ್ವಿರುದ್ಧವಾದ ಒಂದು ಪ್ರಸಂಗ ನಮ್ಮ ನಾಡಿನಲ್ಲೇ ನಡೆಯಿತು, ಅದು ನನಗೆ ಭಾಳ ಸೇರ್ತದ. ವಿಜಯನಗರದ ಇಮ್ಮಡಿ ದೇವರಾಯ (ಆಳಿದ್ದು 1424ರಿಂದ 1446) ಬಹಮನಿಗಳ ಕೂಡ ಕಾದಿ ಸುಸ್ತಾಗಿ ತನ್ನ ಪ್ರಮುಖರ ಸಭೆ ಕರೆದನಂತೆ. ನಮ್ಮ ರಾಜ್ಯ ದೊಡ್ಡದು, ಮಂದಿ ಹೆಚ್ಚು, ರೊಕ್ಕ ಹೆಚ್ಚು, ಆದರೂ ಅವರ ಕೈ ಯಾಕೆ ಮೇಲಾಗ್ತದ ಅಂತ ಕೇಳಿದ. ಕೆಲವರು ದೈವ ಅಂದರು. ಇನ್ನು ಕೆಲವರು ಎರಡು ಕಾರಣ ಹೇಳಿದರು: ಅವರ ಕುದುರೆ ಗಟ್ಟಿ, ನಮ್ಮವು ಬಡಕಲು, ಎರಡನೆಯದು, ಅವರ ಹತ್ತಿರ ನುರಿತ ಬಿಲ್ಲಾಳುಗಳ ದೊಡ್ಡ ಪಡೆ ಇದೆ. ದೇವರಾಯ ದೈವವನ್ನು ಬದಿಗಿಟ್ಟು ಈ ಎರಡನೆಯ ಮಾತು ಹಿಡಿದ. ಮುಸಲ್ಮಾನ ಸೈನಿಕರನ್ನು ಕರೆದು ಜಹಗೀರು ಕೊಟ್ಟ, ನಗರದಲ್ಲಿ ಮಸೀದಿ ಕಟ್ಟಿಸಿದ, ಅವರು ಮುಜುರೆ ಮಾಡುವಾಗ ತಮ್ಮ ಧರ್ಮಕ್ಕೆ ತಪ್ಪಿದಂತೆ ಆಗಬಾರದೆಂದು ಸಿಂಹಾಸನದ ಮುಂದೆ ಕುರಾನಿನ ಪ್ರತಿ ಇರಿಸಿದ. ಅವರಿಂದ ತನ್ನ ಮಂದಿಗೆ ಬಿಲ್ಲು ಕಲಿಸಿದ. ಕೊನೆಗೆ 2,000 ಮುಸಲ್ಮಾನರು, 60,000 ಹಿಂದೂಗಳು ಬಿಲ್ಲಿನಲ್ಲಿ ಪಳಗಿದವರಾದರು.

ಇದನ್ನು ಬರೆದವನು ಫಿರಿಸ್ತಾ, ವಿಜಾಪುರದ ಆದಿಲಶಾಹಿ ದರ್ಬಾರಿನ ಇತಿಹಾಸಕಾರ, ಅದೂ ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೆ. ಹಂಗಾಗಿ ಅರವತ್ತು ಸಾವಿರ ಅನ್ನೋದನ್ನು ತಕ್ಕಡಿಯಲ್ಲಿಟ್ಟು ತೂಗಬೇಡ್ರಿ. ಎದುರಾಳಿಯ ಕಡೆಯ ಲೇಖಕ, ತಮ್ಮವರ ಬಿಲ್ಲು ಹೆಚ್ಚು ಅಂತ ತೋರಿಸುವ ಆಸೆಯೂ ಇದ್ದೀತು. ಆದರೆ ಮುಖ್ಯ ಸಂಗತಿ ನಂಬುವಂಥದ್ದು. ಬಾಗಿದ ಕುಳ್ಳ ಬಿಲ್ಲು ಹಿಡಿದು, ಓಡುವ ಕುದುರೆಯ ಮೇಲಿಂದ ತಿರುಗಿ ಹಿಂದಕ್ಕೂ ಬಾಣ ಬಿಡುವ ತುರ್ಕರ ಕೌಶಲ ನೆಲಕ್ಕೆ ಕಾಲೂರಿ ಎಸೆಯುವವರಿಗೆ ಹೊಸದು. ಅದನ್ನು ಕಲಿಯಬೇಕಾದರೆ ಕಲಿತವನನ್ನೇ ಮನೆಗೆ ಕರೆಯಬೇಕು, ಅವನಿಗೆ ಮಾನ ಕೊಡಬೇಕು. ದೇವರಾಯ ಮಾಡಿದ್ದು ಅದನ್ನ. ದ್ರೋಣ ಬೆರಳು ಕೇಳಿದ, ದೇವರಾಯ ಜಹಗೀರು ಕೊಟ್ಟ.

ಮುಂದೆ ಕೃಷ್ಣದೇವರಾಯನ ಕಾಲಕ್ಕೆ ವಿಜಯನಗರದಲ್ಲಿದ್ದ ಪೋರ್ಚುಗೀಸ ದೊಮಿಂಗೊ ಪಾಯೆಸ್ ಸೇನೆಯ ಮೆರವಣಿಗೆ ನೋಡಿ ಬೆರಗಾಗಿ ಬರೆದಿದ್ದಾನೆ: ಬಿಲ್ಲುಗಳಿಗೆ ಬಂಗಾರ ಬೆಳ್ಳಿಯ ಹೊದಿಕೆ, ಬಾಣಗಳಿಗೆ ಅಚ್ಚುಕಟ್ಟಾಗಿ ಕಟ್ಟಿದ ಗರಿ. ಅವನ ಕಣ್ಣಿಗೆ ಬಿದ್ದ ಆ ಗರಿಯ ಹಿಂದೆ ಎಷ್ಟು ಕೈಗಳಿದ್ದವು ಲೆಕ್ಕ ಹಾಕೋಣು. ಐನೂರು ಬಿಲ್ಲಾಳು, ನಿಮಿಷಕ್ಕ ಆರು ಬಾಣ, ಹತ್ತು ನಿಮಿಷದ ಹೊಡೆತ ಅಂದ್ರ ಮೂವತ್ತು ಸಾವಿರ ಬಾಣ. ಪ್ರತಿಯೊಂದಕ್ಕೂ ನೆಟ್ಟಗಿನ ಕಡ್ಡಿ ಬೇಕು, ಬೆಂಕಿಗೆ ಹಿಡಿದು ಸೊಟ್ಟ ತೆಗೀಬೇಕು. ಕಂಬಾರ ಅಲಗು ಬಡೀಬೇಕು. ಗರಿ ಕೂಡಿಸಿ ನೂಲು ಸುತ್ತಬೇಕು. ಒಂದು ಗರಿ ಓರೆಯಾದರೆ ಬಾಣ ಓರೆ. ಹತ್ತು ನಿಮಿಷದ ಯುದ್ಧಕ್ಕೆ ಹತ್ತಾರು ಊರಿನ ಕಸಬುದಾರರ ತಿಂಗಳುಗಟ್ಟಲೆ ದುಡಿಮೆ. ಇವರಿಗೆ ವೀರಗಲ್ಲು ಸಹ ಇಲ್ಲ.

ಕೃಷ್ಣದೇವರಾಯನ ಕಾಲದಲ್ಲೇ ಗಾಳಿ ತಿರುಗಿತ್ತು. 1520ರಲ್ಲಿ ರಾಯಚೂರ ಕೋಟೆಗೆ ಮುತ್ತಿಗೆ ಹಾಕಿದಾಗ ಕ್ರಿಸ್ತೊವಾವ್ ದ ಫಿಗೆರೆದು ಅನ್ನುವವನ ಜೊತೆಗಿದ್ದ ಬೆರಳೆಣಿಕೆಯ ಪೋರ್ಚುಗೀಸರು ಬಂದೂಕಿನಿಂದ ಗೋಡೆಯ ಮೇಲಿನವರನ್ನು ಆರಿಸಿ ಆರಿಸಿ ಹೊಡೆದದ್ದನ್ನು ನೂನಿಜ್ ಬರೆದಿದ್ದಾನೆ. ಆದರೂ ಬಿಲ್ಲು ಅಂದೇ ಸಾಯಲಿಲ್ಲ. 1565ರ ಜನವರಿಯಲ್ಲಿ ನಮ್ಮ ಖಿದ್ರಾಪುರ, ನರಸೋಬಾವಾಡಿ ಮುಟ್ಟಿ ಹರಿಯುವ ಇದೇ ಕೃಷ್ಣೆಯ ಕೆಳದಂಡೆಗೆ, ರಕ್ಕಸಗಿ ತಂಗಡಗಿಯ ಕಡೆ ವಿಜಯನಗರದ ಹಣೆಬರಹ ತೀರ್ಮಾನವಾದ ಯುದ್ಧ ನಡೆಯಿತು. ಅಹಮದನಗರದ ತೋಪುಗಳ ಮುಖಂಡ ಚೆಲೆಬಿ ರೂಮಿಖಾನ 600 ತೋಪುಗಳನ್ನು ಮೂರು ಸಾಲು ನಿಲ್ಲಿಸಿದ್ದ. ಅವುಗಳ ಮುಂದೆ 2,000 ಪರದೇಶಿ ಬಿಲ್ಲಾಳುಗಳನ್ನು ಪರದೆಯ ಹಂಗ ನಿಲ್ಲಿಸಿದ್ದ. ವಿಜಯನಗರದ ದಂಡು ಹತ್ತಿರ ಬರುವ ತನಕ ಅವರು ಬಾಣದ ಮಳೆ ಸುರಿಸಿದರು, ಆಮೇಲೆ ಹಿಂದೆ ಸರಿದರು, ತೋಪುಗಳು ಬಾಯಿ ತೆರೆದವು. ಇದೂ ಫಿರಿಸ್ತಾ ಹೇಳಿದ್ದೇ. ಬಿಲ್ಲಾಳು ಇಲ್ಲಿ ತೋಪಿನ ಆಳಾಗಿದ್ದಾನೆ. ಅವನ ಕೆಲಸ ಗೆಲ್ಲುವುದಲ್ಲ, ತೋಪನ್ನು ಮುಚ್ಚಿಡುವುದು.

ಬಂದೂಕು ಬಿಲ್ಲಿಗಿಂತ ಒಳ್ಳೆಯದು, ಅದಕ್ಕೇ ಗೆದ್ದಿತು ಅಂತ ಪುಸ್ತಕದೊಳಗ ಒಂದೇ ಸಾಲಿನಲ್ಲಿ ಬರೀತಾರೆ. ಅಷ್ಟು ಸರಳ ಇಲ್ಲ. ಇದಾದ ನೂರು ವರ್ಷದ ಮೇಲೆ, ಔರಂಗಜೇಬನ ಕಾಲದಲ್ಲಿ ಮೊಗಲ ಸೈನ್ಯ ನೋಡಿದ ಫ್ರೆಂಚ್ ವೈದ್ಯ ಬರ್ನಿಯರ್ ಬರೀತಾನೆ: ಬಂದೂಕಿನವನು ಎರಡು ಸಲ ಹೊಡೆಯುವಷ್ಟರಲ್ಲಿ ಕುದುರೆಯ ಮೇಲಿನ ಬಿಲ್ಲಾಳು ಆರು ಸಲ ಹೊಡೀತಾನೆ. ಬಂದೂಕಿನವರು ಗಡ್ಡ ಸುಟ್ಟೀತು, ರೆಪ್ಪೆ ಸುಟ್ಟೀತು ಅಂತ ಹೆದರುವುದನ್ನು ನೋಡಿ ಅವನಿಗೆ ನಗು. ಬಂದೂಕು ನಿಧಾನ, ಮಳೆಗೆ ಅದೂ ಹೆದರ್ತದ, ಮದ್ದು ಗುಂಡು ಖರ್ಚಿನ ಬಾಬತ್ತು. ಆದರೂ ಗೆದ್ದದ್ದು ಯಾಕೆ? ಹೊಲ ಹೊಡೆಯುವ ಹುಡುಗನ ಕೈಗೆ ಬಂದೂಕು ಕೊಟ್ಟು ಕೆಲವು ತಿಂಗಳಲ್ಲಿ ಸಾಲಿನಲ್ಲಿ ನಿಲ್ಲಿಸಬಹುದು. ಬಿಲ್ಲಾಳನ್ನು ಹಂಗ ಮಾಡಲಿಕ್ಕೆ ಬರುವುದಿಲ್ಲ. ಒಂದು ಕಾಳಗದಲ್ಲಿ ಸಾವಿರ ಬಂದೂಕಿನವರು ಸತ್ತರೆ ಮುಂದಿನ ದಸರೆಗೆ ಮತ್ತೆ ಸಾವಿರ ಮಂದಿ. ಸಾವಿರ ಬಿಲ್ಲಾಳು ಸತ್ತರೆ ಅವರ ಜಾಗಕ್ಕೆ ಬರುವವರು ಇನ್ನೂ ಹುಡುಗರು, ಅವರ ಎಲುಬು ಪಳಗಬೇಕು. ಅರಸರು ಲೆಕ್ಕ ಹಾಕಿದರು. ಅಗ್ಗವಾದದ್ದನ್ನು ಇಟ್ಟುಕೊಂಡರು.

ಕೊಲ್ಲಾಪುರದವರಿಗೆ ಇದು ಬೇಗ ತಿಳೀತದ, ಯಾಕಂದ್ರ ತಾಲೀಮು ಅಂದ್ರ ಏನು ಅಂತ ಈ ಊರು ಕಂಡಿದೆ. ನಸುಕಿನಲ್ಲಿ ಎದ್ದು ಕೆಂಪು ಮಣ್ಣು ಅಗೆದು, ಸಾವಿರ ಬಸ್ಕಿ ಹೊಡೆದು, ವರ್ಷಗಟ್ಟಲೆ ಹಾಲು ಬಾದಾಮಿ ತಿಂದು ಒಬ್ಬ ಪೈಲವಾನ ತಯಾರಾಗ್ತಾನೆ. ಶಾಹು ಮಹಾರಾಜರು ಖುರಾಕು ಕೊಟ್ಟರು, 1912ರಲ್ಲಿ ಖಾಸಬಾಗ ಮೈದಾನ ಕಟ್ಟಿಸಿದರು, ಅದಕ್ಕೇ ಕುಸ್ತಿ ಬೆಳೆಯಿತು. ಪೈಲವಾನನ ಖುರಾಕು ನಿಂತರೆ ಆರು ತಿಂಗಳಲ್ಲಿ ಮೈ ಇಳೀತದ ಅಂತ ಯಾವ ವಸ್ತಾದನನ್ನಾದರೂ ಕೇಳ್ರಿ. ಬಿಲ್ಲಾಳಿನ ಪಾಡೂ ಅದೇ. ಮರ್ದಾನಿ ಖೇಳದಲ್ಲಿ ಪಟ್ಟಾ, ವಿಟಾ, ಲಾಠಿ ಇವತ್ತಿಗೂ ಬೀಸ್ತಾರೆ, ನೋಡಲಿಕ್ಕೆ ಚೌಕದಲ್ಲಿ ಜನ ಸೇರ್ತದ. ಪಟ್ಟಾ ಬೀಸಿದರೆ ಗಾಳಿ ಸದ್ದು ಕೇಳ್ತದ, ಮೈ ಜುಮ್ ಅಂತದ. ಬಿಲ್ಲಿನ ಕೌಶಲ ಕಾಣಬೇಕಾದರೆ ಇನ್ನೂರು ಮಾರು ದೂರ ಬಯಲು ಬೇಕು. ಓಣಿಯ ಆಟಕ್ಕೆ ಅದು ಒಗ್ಗೋದಿಲ್ಲ.

ಶಿಕ್ಷಕರು ಮಕ್ಕಳನ್ನು ಕರೆದುಕೊಂಡು ಊರ ವೀರಗಲ್ಲಿನ ಹತ್ತಿರ ಹೋದರೆ ಕೆಲವು ಗುರುತು ನೋಡಬಹುದು. ಬಿಲ್ಲು ಹಿಡಿದವನ ಎತ್ತರಕ್ಕೂ ಬಿಲ್ಲಿನ ಉದ್ದಕ್ಕೂ ಅಂತರ ಎಷ್ಟು. ಅವನು ಕಾಲಾಳೋ, ಸವಾರನೋ. ಬತ್ತಳಿಕೆ ಬೆನ್ನಿಗಿದೆಯೋ, ಸೊಂಟಕ್ಕಿದೆಯೋ. ಬಾಣ ಯಾರ ಮೈಯಲ್ಲಿವೆ, ಎದೆಗೆ ಎಷ್ಟು, ಕಾಲಿಗೆ ಎಷ್ಟು. ಪಕ್ಕದಲ್ಲಿ ದನ ಕೆತ್ತಿದ್ದರೆ ಅದು ತುರುಗೋಳ್ ಕಾಳಗ. ಕಲ್ಲು ಅಂತರಂಗಕ್ಕೆ ಮಣ್ಣಲ್ಲಿ ಹೂತಿದ್ದರೆ ಕೆಳಗಿನ ಅಂಕಣವೇ ಕಾಣೋದಿಲ್ಲ, ಹಿರಿಯರನ್ನು ಕೇಳಿ ಒಂದು ಗೇಣು ಮಣ್ಣು ಸರಿಸಬೇಕು. ಇತ್ತೀಚೆಗೆ ಭಕ್ತಿಯಿಂದ ವೀರಗಲ್ಲುಗಳಿಗೆ ಆಯಿಲ್ ಪೇಂಟ್ ಬಳಿಯುವ ರೂಢಿ ಬಂದಿದೆ. ಬಣ್ಣಕ್ಕೆ ಮೊದಲು ಮುಚ್ಚಿಹೋಗೋದು ಹೆದೆಯ ಗೆರೆ, ಯಾಕಂದ್ರ ಇಡೀ ಕಲ್ಲಿನಲ್ಲಿ ಎಲ್ಲಕ್ಕಿಂತ ತೆಳುವಾಗಿ ಕೆತ್ತಿದ್ದು ಅದು. ಹೆದೆ ಮುಚ್ಚಿದ ಮೇಲೆ ಬಿಲ್ಲು ಬರೀ ಒಂದು ಬಾಗಿದ ಕೋಲು, ಮಕ್ಕಳು ಅದನ್ನು ಕುಡಗೋಲು ಅಂತಾರೆ. ಬಣ್ಣ ಬಳಿಯದ ಕಲ್ಲಾದರೆ ನೀರು ಚಿಮುಕಿಸಿ ಬಟ್ಟೆಯಿಂದ ಮೆಲ್ಲಗೆ ಒರಸಿ, ಸಂಜೆ ಐದರ ಓರೆ ಬಿಸಿಲಿನಲ್ಲಿ ಪಕ್ಕಕ್ಕೆ ನಿಂತು ನೋಡಬೇಕು. ನಡುಹಗಲಿನಲ್ಲಿ ಕಾಣದ ಗೆರೆ ಆಗ ಕಾಣ್ತದ.